ನಮ್ಮ ಗಾಡಿ ತಣ್ಣಗೈತಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಸ್ಪಾರ್ಕ್ ಪ್ಲಗ್ ಬದಲಿಸಿದ್ದು ಮೊದಲೋ, ಹ್ಯಾಂಡ್‌ಬ್ರೇಕಿನ ಕೇಬಲ್ ಬಿಡಿಸಿದ್ದು ಮೊದಲೋ ಎಂದು ಯಾರಾದರೂ ಆಣೆ ಮಾಡಿಸಿ ಕೇಳಿದರೆ ತಡವರಿಸುತ್ತೇನೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ದಿನಗಳಲ್ಲಿ ಬರೆದದ್ದೆಲ್ಲ ಆತುರದ ಅರ್ಧ ಸಾಲುಗಳು. ಒಂದು ಕಡೆ ‘ಇವತ್ತು ಹದಿಮೂರು!!’ ಎಂದಷ್ಟೇ ಇದೆ. ಯಾವ ದಾರಿ, ಗಾಳಿ ಎದುರಿತ್ತೋ ಹಿಂದಿತ್ತೋ, ಕಾರಿನಲ್ಲಿ ಎಷ್ಟು ಭಾರವಿತ್ತು, ಒಂದೂ ಇಲ್ಲ. ಎರಡು ಉದ್ಗಾರ ಚಿಹ್ನೆ ಹಾಕುವಷ್ಟು ಖುಷಿಯಾಗಿತ್ತು ಎಂಬುದೊಂದೇ ಖಾತ್ರಿ.

ನಾನು ಫಿಸಿಯೋಥೆರಪಿಸ್ಟ್. ಲಕ್ವಾ ಹೊಡೆದು ಮನೆ ಹಿಡಿದವರಿಗೆ ಅವರವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಬಳ್ಳಾರಿಯ ಒಂದು ಸಣ್ಣ ಸಂಸ್ಥೆ ವಾರದಲ್ಲಿ ಕೆಲವು ದಿನ ನನ್ನನ್ನು ಕುರುಗೋಡಿನ ಕಡೆಗೆ ಕಳಿಸುತ್ತದೆ, ಉಳಿದ ದಿನ ತೆಕ್ಕಲಕೋಟೆ, ಸಿರುಗುಪ್ಪ ದಾಟಿ ನದಿ ದಂಡೆಯ ಕೆಂಚನಗುಡ್ಡದವರೆಗೆ. ವಾಕರು, ಮರಳಿನ ಚೀಲಗಳು, ನರಕ್ಕೆ ಕರೆಂಟು ಕೊಡುವ ಡಬ್ಬಿ, ಮೇಣ ಕಾಯಿಸುವ ಪಾತ್ರೆ ಇವನ್ನೆಲ್ಲ ಹೊತ್ತುಕೊಂಡು ಬಸ್ಸು ಹತ್ತುವುದು ಆಗದ ಮಾತು. ಅದಕ್ಕೇ ನನ್ನ ಸೋದರಮಾವನ ಕಾರು. ಸತ್ಯನಾರಾಯಣಪೇಟೆಯ ಅವನ ಮನೆಯಲ್ಲೇ ನಾನಿರುವುದು. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರನಾಗಿದ್ದವನು ಈಗ ಮನೆಯಲ್ಲಿದ್ದಾನೆ. ಕಾರು ಹದಿನೆಂಟು ವರ್ಷದ ಹತ್ತಿರದ್ದು, ಪೆಟ್ರೋಲಿನದು, ಸಣ್ಣದು. ಎಸಿ ಕೆಟ್ಟು ಕಾಲವಾಗಿದೆ.

ಸಂಸ್ಥೆ ನಮಗೆ ತಿಂಗಳಿಗೆ ಇಂತಿಷ್ಟು ಲೀಟರ್ ಎಂದು ಪೆಟ್ರೋಲ್ ಕೂಪನ್ ಕೊಡುತ್ತದೆ. ನನ್ನ ಕೂಪನ್ ಪ್ರತಿ ತಿಂಗಳೂ ಮೂರನೇ ವಾರಕ್ಕೇ ಮುಗಿಯತೊಡಗಿತು. ಕೊನೆಯ ವಾರ ಸಿರುಗುಪ್ಪದ ಕಡೆ ಹೋಗುವುದು ತಪ್ಪುತ್ತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಸಂಯೋಜಕಿ ಕರೆದು ಕೂರಿಸಿಕೊಂಡರು.

“ಕೂಪನ್ ಹೆಚ್ಚಿಗಿ ಕೊಡಾಕ ಆಗಂಗಿಲ್ರಿ. ನಿಮ್ಮ ಗಾಡಿ ಲೀಟರಿಗೆ ಎಷ್ಟು ಎವರೇಜ್ ಕೊಡತೈತಿ?”

“ಹನ್ನೊಂದರ ಮ್ಯಾಲೆ ಏನೋ ಸ್ವಲ್ಪ.”

“ಅದು ಕಾರೋ, ಲಾರಿನೋ?” ಅಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ಹದಿನೈದು ಕೊಟ್ಟರ ಈಗಿನ ಕೂಪನ್ನೇ ಸಾಲತೈತಿ. ಏಪ್ರಿಲ್ ಮುಗಿಯೋತನಕ ನೋಡ್ತೀನಿ. ಆಗಲಿಲ್ಲಾಂದ್ರ ಸಿರುಗುಪ್ಪ ಸೈಡ್ ಬಂದ್ ಮಾಡೋದ. ಆ ಪೇಶಂಟ್‌ಗಳನ್ನ ಇಲ್ಲಿಗೇ ಕರಸ್ರಿ.”

ಇಲ್ಲಿಗೇ ಕರೆಸಬಹುದಾದವರು ಇದ್ದರು. ಕೆಂಚನಗುಡ್ಡದ ಆ ಹೆಂಗಸನ್ನು ಮಾತ್ರ ಕರೆಸುವಂತಿರಲಿಲ್ಲ. ವಯಸ್ಸು ನಲವತ್ತರ ಮೇಲೆ. ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುತ್ತಿದ್ದವಳು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಗೋಡೆ ಹಿಡಿದು ನಿಲ್ಲುವುದನ್ನು ಆಗಷ್ಟೇ ಕಲಿತಿದ್ದಳು. ಅಂಥವಳನ್ನು ಎರಡು ಬಸ್ಸು ಹತ್ತಿಸಿ ಬಳ್ಳಾರಿಗೆ ತರುವವರು ಯಾರು? ಈ ಹಂತದಲ್ಲಿ ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ, ಗಳಿಸಿದ್ದೂ ಹೋಗುತ್ತದೆ. ಸುದ್ದಿ ಹೇಳಿದಾಗ ಅವಳು ಕಿಟಕಿಯಿಂದ ಕಾರನ್ನು ನೋಡಿ ಅಂದಳು:

“ಏನ್ ಡಾಕ್ಟ್ರಮ್ಮಾ, ನಿನ್ನ ಕಾರಿಗೂ ಲಕ್ವಾ ಹೊಡದೈತೇನು? ನನಗ ಮಾಡಸ್ತಿಯಲ್ಲ, ಹಂಗ ಅದಕ್ಕೂ ಒಂದೀಟು ಕಸರತ್ತು ಮಾಡಸು.”

ಆ ಮಾತು ನನಗೆ ಹಿಡಿಯಿತು. ರೋಗಿಯ ನಡಿಗೆ ಕೆಟ್ಟಾಗ ನಾನು ಮಾಡುವುದು ಅದನ್ನೇ. ಮೊದಲು ಅಳೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಮತ್ತೆ ಅಳೆಯುವುದು. ಕಾರಿಗೂ ಹಾಗೇ ಮಾಡಲು ನಿಂತೆ. ಒಂದೇ ಬಂಕು, ಸಾಧ್ಯವಾದಷ್ಟು ಒಂದೇ ಪಂಪು. ಪೈಪು ಮೊದಲ ಸಲ ತಾನೇ ಟಕ್ ಎಂದು ನಿಂತರೆ ಅಲ್ಲಿಗೆ ಟ್ಯಾಂಕು ತುಂಬಿತೆಂದು ಲೆಕ್ಕ, ಅದರ ಮೇಲೆ ಒಂದು ಹನಿಯೂ ಬೇಡ. “ಇನ್ನೂ ಹಿಡಿತೈತ್ರಿ ಅಕ್ಕಾರ” ಎಂದು ಬಂಕಿನವನು ಕಾರು ಅಲುಗಾಡಿಸಿ ಅಲುಗಾಡಿಸಿ ತುಂಬಲು ಬಂದರೆ ನಾನು ಕೈ ಅಡ್ಡ ಹಿಡಿಯುತ್ತಿದ್ದೆ.

ಮೊದಲಿಗೆ ಡಿಕ್ಕಿ ಖಾಲಿ ಮಾಡಿದೆ. ಮಾಮಾನ ಕಾಲದ ಎರಡನೇ ಜಾಕು, ಯಾವುದೋ ಮದುವೆಯ ಜಮಖಾನ, ಒಂದು ಒರಳುಕಲ್ಲು. ಒರಳುಕಲ್ಲು ಯಾಕಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಏರ್ ಫಿಲ್ಟರ್ ತೆಗೆದರೆ ಅದಿರಿನ ಕೆಂಧೂಳು, ಭತ್ತದ ಹೊಟ್ಟು ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ಹೊಸದು ಹಾಕಿದೆ. ಟೈರಿನ ಗಾಳಿ ಸರಿ ಮಾಡಿಸಿದೆ. ಪ್ಲಗ್ ಬದಲಿಸಿದೆ. ಪ್ರತಿಯೊಂದಕ್ಕೂ ಎವರೇಜ್ ಒಂದಿಷ್ಟು ಮೇಲೆ ಸರಿಯಿತು, ಆದರೆ ಎಲ್ಲ ಸೇರಿಯೂ ಹನ್ನೆರಡು ಮುಟ್ಟಲು ಒದ್ದಾಡಿತು.

ದೊಡ್ಡ ಜಿಗಿತ ಸಿಕ್ಕಿದ್ದು ಕುರುಗೋಡಿನಲ್ಲಿ. ಒಬ್ಬ ಮೇಷ್ಟ್ರ ಮನೆ ಮುಂದೆ ಕಾರು ನಿಲ್ಲಿಸಿ ಇಳಿದರೆ ಸುಟ್ಟ ವಾಸನೆ. ಹಿಂದಿನ ಬಲಗಡೆ ಚಕ್ರದ ಹತ್ತಿರ ಕೈ ಒಯ್ದರೆ ಕಾವು ಹೊಡೆಯುತ್ತಿತ್ತು, ಎಡಗಡೆಯದು ಬರೀ ಬೆಚ್ಚಗೆ. ಅದೇ ಊರಿನ ಶೆಡ್ಡಿನಲ್ಲಿ ಜಾಕು ಕೊಟ್ಟು ಎತ್ತಿಸಿದೆ. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದರೂ ಆ ಚಕ್ರ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಕೇಬಲ್ ತುಕ್ಕು ಹಿಡಿದು ಒಳಗೇ ಅಂಟಿಕೊಂಡಿತ್ತು. ಎಷ್ಟು ದಿನದಿಂದ ಬ್ರೇಕು ಹಿಡಿದುಕೊಂಡೇ ಓಡಾಡುತ್ತಿದ್ದೆನೋ! ಬಿಡಿಸಿದ ಮೇಲೆ ಬಂದದ್ದೇ ಆ ಹದಿಮೂರು. ಬಂಕಿನಲ್ಲೇ ಕುಣಿಯುವಷ್ಟಾಯಿತು.

ಆಮೇಲೆ ಅಲ್ಲೇ ನಿಂತಿತು. ನಿಧಾನಕ್ಕೆ ಹೊಡೆದೆ, ಗೇರು ಬೇಗ ಬದಲಿಸಿದೆ, ಮುಂದಿನ ಟ್ರ್ಯಾಕ್ಟರ್ ಕಂಡ ಕೂಡಲೇ ಕಾಲು ತೆಗೆದೆ. ಹದಿಮೂರೇ. ಮಾರ್ಚ್ ಮುಗಿಯುತ್ತ ಬಂದಿತ್ತು.

ಆಗ, ಬೇರೆ ದಾರಿ ಕಾಣದೆ, ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಬೇರೆ ಬೇರೆಯಾಗಿ ಅಳೆದೆ. ಬಳ್ಳಾರಿಯಲ್ಲಿ ತುಂಬಿಸಿ, ಸಿರುಗುಪ್ಪದಲ್ಲಿ ತುಂಬಿಸಿ, ಮತ್ತೆ ಬಳ್ಳಾರಿಯಲ್ಲಿ. ಬಳ್ಳಾರಿ ಎತ್ತರದಲ್ಲಿದೆ, ಸಿರುಗುಪ್ಪ ನದಿಯ ಕಡೆಗೆ ತಗ್ಗು. ಬೆಳಿಗ್ಗೆ ತಂಪಿನಲ್ಲಿ ಇಳಿಜಾರಿನಲ್ಲಿ ಹೋಗುವಾಗ ಹೆಚ್ಚು ಕೊಡಬೇಕು, ಬಿಸಿಲಲ್ಲಿ ಏರಿ ಬರುವಾಗ ಕಡಿಮೆ. ಆದದ್ದು ತಿರುಗಾಮುರುಗಾ! ಹೋಗುವಾಗಲೇ ಕಡಿಮೆ ಬಂತು. ಇಷ್ಟು ಕಡಿಮೆ ಪೆಟ್ರೋಲಿನಲ್ಲಿ ಅಳತೆ ತಪ್ಪುವುದು ಸುಲಭ, ನನಗೆ ನನ್ನ ಮೇಲೂ ನಂಬಿಕೆ ಇರಲಿಲ್ಲ. ಮತ್ತೆ ಮಾಡಿದೆ, ಇನ್ನೊಮ್ಮೆ ಮಾಡಿದೆ. ಪ್ರತಿ ಸಲವೂ ಅದೇ. ಈ ಕಾರು ತಂಪಿನಲ್ಲಿ ಪೆಟ್ರೋಲ್ ಕುಡಿಯುತ್ತಿತ್ತು, ಬಿಸಿಲೇರಿದಂತೆ ಸುಧಾರಿಸುತ್ತಿತ್ತು.

ತೆಕ್ಕಲಕೋಟೆ ದಾಟುವಾಗ ಥಟ್ಟನೆ ಮುಳ್ಳಿನ ಕಡೆ ಕಣ್ಣು ಹೋಯಿತು. ಎಂಜಿನ್ನಿನ ಕಾವು ತೋರಿಸುವ ಮುಳ್ಳು. ಅದು ತಳದಿಂದ ಒಂದು ಬೆರಳು ಮೇಲೆ ನಿಂತಿತ್ತು. ನಾನು ಕಾರು ಓಡಿಸತೊಡಗಿದಾಗಿನಿಂದಲೂ ಅಲ್ಲೇ ಇತ್ತು. ಅದೇ ಮಾಮಾನ ಹೆಮ್ಮೆ. ಬೇಸಿಗೆಯಲ್ಲಿ ಓಣಿಯ ಮಂದಿ ತಮ್ಮ ಗಾಡಿ ಕುದಿಯಿತೆಂದು ಗೋಳಾಡಿದರೆ, ಇವನು ಕಟ್ಟೆಯ ಮೇಲೆ ಕಾಲು ಚಾಚಿ, “ನಮ್ಮ ಗಾಡಿ ತಣ್ಣಗೈತಿ ನೋಡ್ರಪಾ” ಅನ್ನುತ್ತಿದ್ದ. ನಮ್ಮೂರಲ್ಲಿ ತಣ್ಣಗಿರುವುದಕ್ಕಿಂತ ದೊಡ್ಡದು ಯಾವುದಿದೆ? ಕಾಲಿಗೆ ಬಿದ್ದರೆ ‘ತಣ್ಣಗಿರವ್ವಾ’ ಎಂದೇ ಹರಸುತ್ತಾರೆ. ಆ ಹರಕೆಯನ್ನೇ ಎಂಜಿನ್ನಿಗೂ ಕೊಟ್ಟಿದ್ದೆವು. ಅದು ತಣ್ಣಗಿರಬಾರದ ವಸ್ತು ಎಂದು ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ಬಾಯಲ್ಲಿ ಒಂದು ಸಣ್ಣ ಬಾಗಿಲಿರುತ್ತದೆ. ಥರ್ಮೋಸ್ಟಾಟ್ ವಾಲ್ವ್ ಅನ್ನುತ್ತಾರೆ. ಎಂಜಿನ್ ಹದಕ್ಕೆ ಕಾಯುವವರೆಗೆ ಅದು ಮುಚ್ಚಿರುತ್ತದೆ, ಕಾದ ಮೇಲೆ ತೆರೆಯುತ್ತದೆ. ಆ ಬಾಗಿಲೇ ಇಲ್ಲದಿದ್ದರೆ ನೀರು ಮೊದಲಿನಿಂದಲೇ ರೇಡಿಯೇಟರ್ ಸುತ್ತಿ ತಂಪಾಗಿ ಬರುತ್ತದೆ, ಎಂಜಿನ್ ಕಾಯುವುದೇ ಇಲ್ಲ. ಇನ್ನೂ ಚಳಿಯಲ್ಲಿದ್ದೇನೆ ಎಂದುಕೊಂಡು ಅದು ಹೆಚ್ಚು ಹೆಚ್ಚು ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ. ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿ, ಫ್ಯಾನಿಗೆ ತಾಗದಂತೆ, ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪಿನ ಮೇಲೆ ಕೈಯಿಟ್ಟೆ. ಬಾಗಿಲಿದ್ದರೆ ಅದು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇದು ಎಂಜಿನ್ನಿನ ಜೊತೆಜೊತೆಗೇ ಮೆಲ್ಲಗೆ ಬೆಚ್ಚಗಾಯಿತು. ಸಿಕ್ಕಿಬಿಟ್ಟಿತು!

ನಮ್ಮ ಮೆಕ್ಯಾನಿಕ್‌ಗೆ ಇದು ಸುದ್ದಿಯೇ ಅಲ್ಲ. “ಅದು ಇಲ್ಲ ಮೇಡಂ, ತೆಗದು ಒಗದೀವಲ್ಲ. ಬಳ್ಳಾರಿ ಬಿಸಿಲಿಗೆ ಯಾರು ಇಟ್ಕೋತಾರ ಅದನ್ನ? ಅದು ಚಳಿ ಊರಿಗೆ ಇರೋ ಐಟಂ.”

“ಹಾಕ್ರಿ.”

“ಏಪ್ರಿಲ್‌ನಾಗ? ಮಾಮಾನ್ನ ಕೇಳೀರೇನು?”

ಕೇಳಿದೆ. ಮಾಮಾ ಶರ್ಟಿನ ತೋಳು ಮೇಲೆ ಸರಿಸಿ ಬಲಗೈ ತೋರಿಸಿದ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ನಾನು ಓದುತ್ತಿದ್ದ ಕಾಲದ ಗಾಯ. ಸಿರುಗುಪ್ಪದಲ್ಲಿ ಯಾರದೋ ಮದುವೆ ಮುಗಿಸಿ ತನ್ನ ಹೆಂಡತಿ, ನನ್ನ ಅತ್ತೆಯ ಜೊತೆ ಬರುವಾಗ ಕಾರು ಕುದಿಯಿತು. ಇವನು ಇಳಿದವನೇ ರೇಡಿಯೇಟರಿನ ಮುಚ್ಚಳ ತಿರುಗಿಸಿದ, ಕುದಿಯುವ ನೀರು ಚಿಮ್ಮಿತು. ಅದಾದ ವಾರಕ್ಕೇ ವಾಲ್ವ್ ತೆಗೆಸಿದ್ದು. ಆಮೇಲೆ ಅವನು ಸ್ಟೇರಿಂಗ್ ಹಿಡಿಯಲೂ ಇಲ್ಲ. ನನ್ನ ನೆನಪಿನಲ್ಲಿ ಹಿಂದಿನ ಸೀಟಿನಲ್ಲಿ ನಾನೂ ಇದ್ದೇನೆ, ಉಗಿಯ ಬುಸ್ಸೆಂಬ ಸದ್ದೂ ಇದೆ. ಮಾಮಾ ಇಲ್ಲವೇ ಇಲ್ಲ ಅನ್ನುತ್ತಾನೆ, “ನೀ ಆಗ ಧಾರವಾಡದಾಗ ಇದ್ದಿ. ನಿಮ್ಮತ್ತಿ ಹೇಳಿದ್ದು ಕೇಳಿ ಕೇಳಿ ನೀನೂ ಇದ್ದಿ ಅನ್ಕೊಂಡೀಯ.” ಇರಬಹುದು. ಅತ್ತೆ ಈಗಿಲ್ಲ, ಕೇಳುವಂತಿಲ್ಲ.

“ತಣ್ಣಗಿರೋದನ್ನ ಯಾಕ ಕಾಸಬೇಕು ನೀನು?” ಅಂದ. “ಕುದ್ದು ಎಂಜಿನ್ನಿನ ಹೆಡ್ ಹೋತಂದ್ರ ಗಾಡೀನ ಹೋತು. ಆಮ್ಯಾಲೆ ಸಿರುಗುಪ್ಪನೂ ಇಲ್ಲ, ಕುರುಗೋಡೂ ಇಲ್ಲ.”

ಅದು ನಿಜ. ಈಗಿದ್ದಂತೆ ಬಿಟ್ಟರೆ ಹೋಗುವುದು ಸಿರುಗುಪ್ಪ ಒಂದೇ. ಕುದ್ದು ಎಂಜಿನ್ ಕೆಟ್ಟರೆ ಎಲ್ಲವೂ. ಎರಡು ದಿನ ತೂಗಿದೆ. ಕೊನೆಗೆ ಹೊಸ ವಾಲ್ವ್ ತಂದು, ಕಾರಿಗೆ ಹಾಕುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷೆಗಿಟ್ಟೆ. ಹಳೇ ಪಾತ್ರೆಯಲ್ಲಿ ನೀರು, ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟ ವಾಲ್ವ್, ಪಕ್ಕಕ್ಕೆ ನನ್ನ ಮೇಣದ ಪಾತ್ರೆಯ ಥರ್ಮಾಮೀಟರ್. ಮಾಮಾ ಬಾಗಿಲಲ್ಲಿ ನಿಂತ.

“ಏನು ಸಾರೋ, ಹುಳಿಯೋ?”

“ಬಾ, ನೋಡು.”

“ಉಪ್ಪು ಹಾಕೀಯೇನು?” ಅಂದನಾದರೂ ಬಂದು ಬಗ್ಗಿದ. ಎಂಬತ್ತು ಡಿಗ್ರಿ ದಾಟುತ್ತಿದ್ದಂತೆ ಹಿತ್ತಾಳೆಯ ಬಿಲ್ಲೆ ಮೆಲ್ಲಗೆ ಎದ್ದು ಬಾಯಿ ಬಿಟ್ಟಿತು. ಒಲೆ ಆರಿಸಿದೆ, ಮುಚ್ಚಿತು. ಹಚ್ಚಿದೆ, ತೆರೆಯಿತು. ಮೂರನೇ ಸಲ ಒಲೆ ಹಚ್ಚಿದವನು ಮಾಮಾನೇ. ಆಮೇಲೆ ಹೊರಗೆ ಹೋದ. ಬೇಡ ಅನ್ನಲಿಲ್ಲವಲ್ಲ, ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ವಾಲ್ವ್ ಹಾಕಿ, ರೇಡಿಯೇಟರಿಗೆ ಹೊಸ ಕೂಲೆಂಟ್ ನೀರು ತುಂಬಿಸಿ, ಫ್ಯಾನು ಹೊತ್ತಿಗೆ ಸರಿಯಾಗಿ ತಿರುಗುತ್ತದೆಂದು ಖಾತ್ರಿ ಮಾಡಿಕೊಂಡು ಸಿರುಗುಪ್ಪದ ದಾರಿ ಹಿಡಿದೆ. ಮುಳ್ಳು ಮೊದಲ ಸಲ ನಡುವಿಗೆ ಬಂದು ನಿಂತಿತು! ಎಂಜಿನ್ನಿನ ಸದ್ದೇ ಬೇರೆಯಾದಂತೆ ಕೇಳಿಸಿತು. ನಿಜವಾಗಿ ಬೇರೆಯಾಗಿತ್ತೋ, ನನಗೆ ಹಾಗೆ ಬೇಕಿತ್ತೋ, ಹೇಳಲಾರೆ. ತೆಕ್ಕಲಕೋಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂತು. ತೆವಳುತ್ತ ಹೋಗುವಾಗ ಮುಳ್ಳು ಏಳತೊಡಗಿತು. ನಡು ದಾಟಿತು. ಇನ್ನೂ ಏರಿತು.

ಓದಿಟ್ಟುಕೊಂಡಿದ್ದ ಉಪಾಯ ಒಂದಿತ್ತು. ಕಾರಿನ ಹೀಟರ್ ಪೂರಾ ಹಾಕಿದರೆ ಎಂಜಿನ್ನಿನ ಕಾವು ಸ್ವಲ್ಪ ಒಳಗೆ ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಾಲ್ಕೂ ಕಿಟಕಿ ಇಳಿಸಿ ಹೀಟರ್ ತಿರುಗಿಸಿದೆ. ಆದರೆ ಬಂದದ್ದು ಬಿಸಿಗಾಳಿಯಲ್ಲ, ಹೊರಗಿನ ಗಾಳಿಯಷ್ಟೇ! ಅದು ವಿಚಿತ್ರವೆನಿಸಿದರೂ ಯೋಚಿಸಲು ಹೊತ್ತಿರಲಿಲ್ಲ. ಬೇವಿನ ನೆರಳಿಗೆ ಕಾರು ಎಳೆದು ಆಫ್ ಮಾಡಿದೆ. ಟ್ರ್ಯಾಕ್ಟರಿನವನೊಬ್ಬ ನೀರಿನ ಕ್ಯಾನು ಹಿಡಿದು ಓಡಿ ಬಂದ. “ಕ್ಯಾಪ್ ತೆಗೀರಿ ಅಕ್ಕಾ, ನೀರು ಹಾಕೋಣು!” ನಾನು ಬಾನೆಟ್ಟಿನ ಮುಂದೆ ಎರಡೂ ಕೈ ಚಾಚಿ ನಿಂತೆ. “ಯಾರೂ ಮುಟ್ಟಬ್ಯಾಡ್ರಿ!” ಅವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ, ಆಮೇಲೆ ಆ ನೀರನ್ನು ನನಗೇ ಕುಡಿಯಲು ಕೊಟ್ಟ.

ಪೂರ್ತಿ ಆರುವವರೆಗೆ ಕಾದು, ನೀರು ನೋಡಿ ತುಂಬಿಸಿ, ನಿಲ್ಲಿಸಿ ನಿಲ್ಲಿಸಿ ಬಳ್ಳಾರಿಗೆ ತಿರುಗಿಸಿದೆ. ಕೆಂಚನಗುಡ್ಡಕ್ಕೆ ಫೋನು ಮಾಡಿ ಬರುವುದಿಲ್ಲ ಅಂದೆ. “ಹೊಸ್ತಿಲ ತನಕ ಬಂದು ಕುಂತೀನಲ್ಲೇ ತಾಯಿ,” ಅಂದಳು ಅವಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಕಾಯುತ್ತಿದ್ದ. “ತೆಗದುಬಿಡೋಣ ಮೇಡಂ. ನಾ ಹೇಳಿದ್ನಲ್ಲ.” ಮಾಮಾ ಶರ್ಟಿನ ತೋಳು ಕೆಳಗೆ ಎಳೆದುಕೊಂಡ. ತೆಗೆಸಿದ್ದರೆ ಎಲ್ಲರಿಗೂ ನೆಮ್ಮದಿ, ನನಗೂ. ಆದರೆ ಆ ಹೀಟರಿನ ಗಾಳಿ ತಲೆಯಿಂದ ಹೋಗಲಿಲ್ಲ. ಎಂಜಿನ್ ಅಷ್ಟು ಕಾದಿರುವಾಗ ಹೀಟರ್ ಯಾಕೆ ಬಿಸಿಯಾಗಲಿಲ್ಲ? ಅಂದರೆ ಅದರ ಪೈಪಿಗೆ ಬಿಸಿನೀರು ತಲುಪುತ್ತಿರಲಿಲ್ಲ. ಅಲ್ಲಿ ನೀರಿನ ಬದಲು ಗಾಳಿ ಕೂತಿತ್ತು! ಹೊಸ ಕೂಲೆಂಟ್ ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿ. ಮೊದಲು ಬಾಗಿಲಿಲ್ಲದ್ದರಿಂದ ಅದು ಹೇಗೋ ಹೊರಬೀಳುತ್ತಿತ್ತು, ಈಗ ವಾಲ್ವಿನ ಹಿಂದೆ ಬಂದಿಯಾಗಿತ್ತು.

“ತೆಗೆಯೋದು ಬ್ಯಾಡ,” ಅಂದೆ. “ಒಳಗಿನ ಗಾಳಿ ತೆಗೆಯೋಣು.” ನನ್ನ ದನಿ ನನಗೇ ಜೋರೆನಿಸಿತು. ಒಳಗೆ ಖಂಡಿತವಾಗಿ ಅಷ್ಟು ಧೈರ್ಯ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೋಟೆ ಗುಡ್ಡದ ಕಡೆಗಿನ ಏರಿನಲ್ಲಿ ಕಾರಿನ ಮೂತಿ ಮೇಲಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಮುಚ್ಚಳ ತೆಗೆದು, ಹೀಟರ್ ಪೂರಾ ತಿರುಗಿಸಿ, ಎಂಜಿನ್ ಮೆಲ್ಲಗೆ ಓಡಲು ಬಿಟ್ಟೆವು. ಮೊದಲು ಏನೂ ಇಲ್ಲ. ಆಮೇಲೆ ಗುಳುಕ್ ಎಂದು ಒಂದು ದೊಡ್ಡ ಗುಳ್ಳೆ, ಅದರ ಹಿಂದೆ ಇನ್ನೊಂದು. ನೀರು ಕೆಳಗಿಳಿಯಿತು, ತುಂಬಿದೆವು, ಮತ್ತೆ ಗುಳ್ಳೆ. “ಅಯ್ಯಯ್ಯೋ, ಎಷ್ಟು ಗಾಳಿ ಕುಡದೈತಿ ಇದು!” ಎಂದು ಮೆಕ್ಯಾನಿಕ್ಕನೇ ಕೂಗಿದ. ಗುಳ್ಳೆ ನಿಂತ ಕೆಲ ಹೊತ್ತಿಗೆ ಕಾರಿನೊಳಗಿಂದ ಬೆಂಕಿಯಂಥ ಗಾಳಿ ಮುಖಕ್ಕೆ ಹೊಡೆಯಿತು. ಬಳ್ಳಾರಿಯ ಏಪ್ರಿಲ್‌ನಲ್ಲಿ ಬಿಸಿಗಾಳಿ ಬಂದಿದ್ದಕ್ಕೆ ಕೈ ತಟ್ಟಿ ನಕ್ಕವರು ನಾವಿಬ್ಬರೇ ಇರಬೇಕು.

ಆ ವಾರ ಅದೇ ಟ್ರ್ಯಾಕ್ಟರುಗಳು, ಅದೇ ಬಿಸಿಲು. ಮುಳ್ಳು ನಡುವಿನಲ್ಲಿ ಕೀಲಿಸಿದಂತೆ ನಿಂತಿತು. ಬಂಕಿನಲ್ಲಿ ಪೈಪು ಟಕ್ ಎಂದಾಗ ಮೀಟರ್ ನೋಡಿ ನಂಬಲಿಲ್ಲ. ಪಂಪು ಕೆಟ್ಟಿದೆಯೇ ಎಂದು ಕೇಳಿದೆ. ಬಂಕಿನವನಿಗೆ ಸಿಟ್ಟು ಬಂತು. ಭಾಗಿಸಿದರೆ ಹದಿನಾರರ ಹತ್ತಿರ! ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲ ಹದಿನಾರು ದಾಟಿತು. ಬೆಳಿಗ್ಗೆ ಇಳಿಯುವಾಗ ಹೆಚ್ಚು, ಮಧ್ಯಾಹ್ನ ಏರುವಾಗ ಕಡಿಮೆ. ಲೋಕ ನೆಟ್ಟಗಾಗಿತ್ತು.

ಸಂಯೋಜಕಿ ಮಾತು ಉಳಿಸಿಕೊಂಡರು. ಸಿರುಗುಪ್ಪದ ದಾರಿ ಬಂದ್ ಆಗಲಿಲ್ಲ. ಕೆಂಚನಗುಡ್ಡದವಳು ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಕಾರಿನ ಸದ್ದು ಕೇಳಿ ಹೊಸ್ತಿಲು ದಾಟಿದಳು. ವಾಕರ್ ಮೊದಲು, ಆಮೇಲೆ ಬಲಗಾಲು, ಆಮೇಲೆ ಎಡಗಾಲು, ನಾನು ಹೇಳಿಕೊಟ್ಟ ಕ್ರಮದಲ್ಲೇ. ಅಂಗಳದಲ್ಲಿ ನಿಂತು ಉಸಿರು ಬಿಟ್ಟಳು. “ನೋಡ್ತಿ ಏನು? ನಿನ್ನ ಕಾರಷ್ಟ ಸುಧಾರಿಸಬೇಕೇನು?”

ಮನೆಗೆ ಬಂದು ಇದನ್ನೆಲ್ಲ ಮಾಮಾಗೆ ಹೇಳಿದೆ. ನಕ್ಕ. ಬಾನೆಟ್ಟಿನ ಮೇಲೆ ಕೈಯಿಟ್ಟು ಸುಡುತ್ತದೆಂದು ತೆಗೆದ, ಮತ್ತೆ ಇಟ್ಟ. ಓಣಿಯವರ ಮುಂದೆ ಅವನು ಈಗ ಎವರೇಜಿನ ಮಾತಾಡುತ್ತಾನೆ. ಚಹಾ ಕುಡಿಯುತ್ತ ಕೂತಾಗ, ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಆ ದಿನದ್ದನ್ನು ಮತ್ತೆ ಹೇಳುತ್ತಿದ್ದೆ. ಮುಳ್ಳು ನಡು ಬಿಟ್ಟು ಏಳುವುದಕ್ಕೂ ಕುದಿಯುವುದಕ್ಕೂ ನಡುವೆ ಹೊತ್ತಿರುತ್ತದೆ, ಬಹಳ ಹೊತ್ತು, ಮರ ಹುಡುಕಿ ನಿಲ್ಲಿಸುವಷ್ಟು ಹೊತ್ತು. ಅದು ಕಣ್ಣೆದುರಿಗೇ ನಡೆಯುತ್ತದೆ. ಹೇಳುತ್ತ ಹೇಳುತ್ತಲೇ ನನಗೊಂದು ಪ್ರಶ್ನೆ ಹೊಳೆಯಿತು, ಬಾಯಿಂದ ಜಾರಿಯೂ ಬಿಟ್ಟಿತು. ಮಾಮಾ ಬಟ್ಟಲು ಕೆಳಗಿಟ್ಟು ಬೀದಿ ಕಡೆ ನೋಡಿದ. ಅದಾಗಿ ಮಳೆಗಾಲ ಬಂತು, ಸಿರುಗುಪ್ಪದ ಗದ್ದೆಗಳಲ್ಲಿ ಮತ್ತೆ ನಾಟಿ ಮುಗಿಯಿತು. ಅವನು ಇನ್ನೂ ಏನೂ ಹೇಳಿಲ್ಲ. ನಾನೂ ಎರಡನೇ ಸಲ ಕೇಳಿಲ್ಲ. ಆವತ್ತು ಕೇಳಿದ್ದು ಇಷ್ಟೇ:

“ಮಾಮಾ, ಆವತ್ತು ಮುಳ್ಳು ಏರೋದು ನಿನಗ ಕಾಣತಿತ್ತಲ್ಲ, ಅತ್ತಿ ಬಾಜೂಕ ಕುಂತಿದ್ದಳಲ್ಲ, ಮತ್ತ ಯಾಕ ಗಾಡಿ ನಿಲ್ಲಸಲಿಲ್ಲ?”